ಹೊಸೂರಿನಿಂದ ಹೊರಟ ಹುಡುಗ

ಬಾಲ್ಯ ಕಳೆದು ಯೌವನ ಇನ್ನೂ ಕಾಲಿಡದ ವಯಸ್ಸು ಮನುಷ್ಯಜೀವನದಲ್ಲಿ ಬಹು ವಿಚಿತ್ರವಾದ ಘಟ್ಟ. ನಿನ್ನೆಯವರೆಗೆ ತನ್ನದಾಗಿದ್ದ ಮನೆ, ಓಣಿ, ಊರು ಇವೆಲ್ಲ ಇದ್ದಕ್ಕಿದ್ದಂತೆ ದೂರವಾದಂತೆ ತೋರುತ್ತವೆ. ಹಿರಿಯರ ಮಾತು ಹಿಡಿಸುವುದಿಲ್ಲ. ಚಿಕ್ಕವರ ಆಟ ರುಚಿಸುವುದಿಲ್ಲ. ತಾನು ಯಾರು, ಏನಾಗಬೇಕು, ಎಲ್ಲಿಗೆ ಸೇರಿದವನು ಎಂಬ ಪ್ರಶ್ನೆಗಳು ಒಳಗೊಳಗೇ ಕಾಡತೊಡಗುತ್ತವೆ. ನಮ್ಮ ಕಾದಂಬರಿಕಾರರು ಈ ವಯಸ್ಸಿನ ತಳಮಳವನ್ನು ಚೆನ್ನಾಗಿ ಬಲ್ಲರು. ಮಾಸ್ತಿಯವರ ‘ಸುಬ್ಬಣ್ಣ’ ಸಂಗೀತದ ಒಲವು ತಂದೆಯ ಇಚ್ಛೆಗೆ ಒಗ್ಗದೆ ಮನೆ ತೊರೆದು ದೂರದ ಕಲ್ಕತ್ತೆಯವರೆಗೆ ಹೋಗುತ್ತಾನೆ. 1941ರಲ್ಲಿ ಹೊರಬಂದ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಕಾದಂಬರಿಯ ರಾಮನು ಕಡಲತೀರದ ಹಳ್ಳಿಯಿಂದ ಮದರಾಸಿಗೆ ಓದಲು ಹೋಗಿ, ಊರೂರು ಅಲೆದು, ಕೊನೆಗೆ ತನ್ನ ನೆಲಕ್ಕೇ ಹಿಂದಿರುಗುತ್ತಾನೆ. ಇವರು ಕಥೆಯ ಹುಡುಗರು. ಆದರೆ ಇಂಥ ಕಥೆಯನ್ನೇ ಬಾಳಿ ತೋರಿಸಿದ ಹುಡುಗನೊಬ್ಬ ಗೌರಿಬಿದನೂರು ತಾಲ್ಲೂಕಿನಲ್ಲಿ ಹುಟ್ಟಿದ್ದನು. ಮುಂದೆ ನಾಡು ಆತನನ್ನು ಡಾ. ಎಚ್. ನರಸಿಂಹಯ್ಯ ಎಂದು ಗೌರವಿಸಿತು. ಶಿಷ್ಯರು ಪ್ರೀತಿಯಿಂದ ಎಚ್ಚೆನ್ ಎಂದು ಕರೆದರು.

ನರಸಿಂಹಯ್ಯನವರು ಹುಟ್ಟಿದ್ದು 1920ರ ಜೂನ್ 6ರಂದು, ಹೊಸೂರು ಎಂಬ ಹಳ್ಳಿಯಲ್ಲಿ. ಇಂದು ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿರುವ ಗೌರಿಬಿದನೂರು ಆಗ ಮೈಸೂರು ಸಂಸ್ಥಾನದ ಕೋಲಾರ ಜಿಲ್ಲೆಯಲ್ಲಿತ್ತು. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಮಳೆಯನ್ನೇ ನಂಬಿ ಬದುಕುವ ಸೀಮೆ ಅದು. ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿ ಆ ತಾಲ್ಲೂಕಿನಲ್ಲಿ ಹರಿಯುತ್ತದೆಯಾದರೂ ವರ್ಷದ ಬಹುಕಾಲ ಅದರಲ್ಲಿ ನೀರಿಗಿಂತ ಮರಳೇ ಹೆಚ್ಚು. ಕೆರೆ ತುಂಬಿದರೆ ರಾಗಿ, ಒಣಗಿದರೆ ಸಾಲ, ಇದು ಅಲ್ಲಿಯ ರೈತನ ಲೆಕ್ಕ. ಆಂಧ್ರದ ಗಡಿಗೆ ಅಂಟಿಕೊಂಡ ಸೀಮೆಯಾದುದರಿಂದ ಎಷ್ಟೋ ಮನೆಗಳಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ; ಮಕ್ಕಳು ಎರಡು ನುಡಿಗಳ ನಡುವೆ ಬೆಳೆಯುತ್ತಾರೆ.

ತಂದೆ ಹನುಮಂತಪ್ಪನವರು ಹಳ್ಳಿಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದವರು. ತಾಯಿ ವೆಂಕಟಮ್ಮನವರು. ಬಡತನ ಆ ಮನೆಯ ನಿತ್ಯದ ಅತಿಥಿಯಾಗಿತ್ತು. ಹಿಂದುಳಿದ ವರ್ಗಕ್ಕೆ ಸೇರಿದ ಆ ಕುಟುಂಬಕ್ಕೆ ಆಸ್ತಿಯ ಬಲವಾಗಲಿ, ಬಂಧುಬಳಗದ ಬೆಂಬಲವಾಗಲಿ ಇರಲಿಲ್ಲ. ಇದ್ದ ಒಂದೇ ಆಸ್ತಿ ಎಂದರೆ ಅಕ್ಷರದ ಮೇಲಿನ ಗೌರವ. ಆ ಆಸ್ತಿಯೇ ಮಗನ ಪಾಲಿಗೆ ಬಂದಿತು.

ಹೊಸೂರಿನ ಶಾಲೆಯಲ್ಲಿ ಬಾಲಕನು ಎಂಟನೆಯ ತರಗತಿಯವರೆಗೆ ಓದಿದನು. ಅಲ್ಲಿಗೆ ದಾರಿ ಮುಗಿಯಿತು. ಮುಂದೆ ಓದಬೇಕಾದರೆ ಊರು ಬಿಡಬೇಕು. ಊರು ಬಿಡಬೇಕಾದರೆ ಕೈಯಲ್ಲಿ ಹಣವಿರಬೇಕು. ಅಂದಿನ ದಿನಗಳಲ್ಲಿ ಹಳ್ಳಿಯ ಬಡ ಹುಡುಗನೊಬ್ಬ ಎಂಟನೆಯ ತರಗತಿ ಮುಗಿಸಿದನೆಂದರೆ ಅದೇ ದೊಡ್ಡ ಮಾತು. ಹೊಲದ ಕೆಲಸವೋ, ಅಂಗಡಿಯ ಲೆಕ್ಕವೋ, ತಂದೆಯಂತೆ ಮಕ್ಕಳಿಗೆ ಅಕ್ಷರ ತಿದ್ದಿಸುವುದೋ, ಇವುಗಳಲ್ಲಿ ಒಂದನ್ನು ಹಿಡಿದು ಕುಳಿತಿದ್ದರೆ ಯಾರೂ ಅದನ್ನು ತಪ್ಪೆಂದು ಹೇಳುತ್ತಿರಲಿಲ್ಲ. ಆದರೆ ಹುಡುಗನ ಮನಸ್ಸು ಅಷ್ಟಕ್ಕೆ ಒಪ್ಪಲಿಲ್ಲ. ಓದಿನ ಹಂಬಲ ಅವನನ್ನು ತನ್ನ ಊರಿನಲ್ಲಿಯೇ ಒಂಟಿಯನ್ನಾಗಿ ಮಾಡಿತು. ಜೊತೆಯ ಹುಡುಗರು ಹಿರಿಯರು ತೋರಿದ ಹಾದಿ ಹಿಡಿಯುತ್ತಿದ್ದರೆ ಅವನು ಮಾತ್ರ ಇನ್ನೂ ಕಾಣದ ಹಾದಿಯೊಂದನ್ನು ಅರಸುತ್ತಿದ್ದನು.

ಇಂಥ ಸಮಯದಲ್ಲಿ ಒಬ್ಬ ಒಳ್ಳೆಯ ಗುರುವಿನ ನೆನಪು ಎಷ್ಟು ದೊಡ್ಡ ಆಸರೆಯಾಗಬಲ್ಲದೆಂಬುದಕ್ಕೆ ನರಸಿಂಹಯ್ಯನವರ ಬಾಳೇ ಸಾಕ್ಷಿ. ಹೊಸೂರಿನಲ್ಲಿ ಮುಖ್ಯೋಪಾಧ್ಯಾಯರಾಗಿದ್ದ ಎಂ. ಎಸ್. ನಾರಾಯಣರಾಯರು ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿಗೆ ಹೋಗಿದ್ದರು. ಅವರ ಬಳಿಗೆ ಹೋದರೆ ಓದಿಗೆ ದಾರಿಯಾದೀತೆಂಬ ಆಸೆ ಹುಡುಗನಲ್ಲಿ ಚಿಗುರಿತು. ಆದರೆ ಬೆಂಗಳೂರು ಐವತ್ತು ಮೈಲಿಗೂ ದೂರ. ಪ್ರಯಾಣಕ್ಕೆ ಬೇಕಾದ ಅಲ್ಪ ಹಣವೂ ಮನೆಯಲ್ಲಿ ಹೊಂದಲಿಲ್ಲ. 1935ರಲ್ಲಿ ಒಂದು ದಿನ, ಹದಿನೈದರ ಹರೆಯದ ಆ ಹುಡುಗ ನಡೆದೇ ಹೊರಟನು. ಎರಡು ದಿನ ನಡೆದು ಬೆಂಗಳೂರು ಸೇರಿದನು.

ಈ ನಡಿಗೆಯ ವಿಷಯವನ್ನು ಕೇಳಿದವರು ಅದನ್ನೊಂದು ಸಾಹಸವೆಂದು ಕೊಂಡಾಡುವುದುಂಟು. ಕಾಲು ನೊಂದುದು ನಿಜ; ಆದರೆ ಆ ಕಾಲದಲ್ಲಿ ಹಳ್ಳಿಗರಿಗೆ ನಡಿಗೆ ಹೊಸದೇನಲ್ಲ. ಸಂತೆಗೂ ಜಾತ್ರೆಗೂ ಹತ್ತಾರು ಮೈಲಿ ನಡೆಯುವುದು ಎಲ್ಲರಿಗೂ ರೂಢಿಯಾಗಿತ್ತು. ಇದೇ ಸೀಮೆಯ ಮುದ್ದೇನಹಳ್ಳಿಯ ಇನ್ನೊಬ್ಬ ಬಡ ಹುಡುಗ, ಮುಂದೆ ಸರ್ ಎಂ. ವಿಶ್ವೇಶ್ವರಯ್ಯ ಎಂದು ಜಗತ್ಪ್ರಸಿದ್ಧನಾದವನು, ಸುಮಾರು ಅರವತ್ತು ವರ್ಷಗಳ ಹಿಂದೆ ಚಿಕ್ಕಬಳ್ಳಾಪುರದ ಶಾಲೆ ಮುಗಿಸಿ ಓದಿಗಾಗಿ ಬೆಂಗಳೂರನ್ನೇ ಆಶ್ರಯಿಸಿದ್ದನು. ಕಷ್ಟವಾದುದು ನಡೆಯುವುದಲ್ಲ, ಹೊರಡುವುದು. ತನಗೆ ಹುಟ್ಟಿನಿಂದ ಒದಗಿದ ಬದುಕಿಗಿಂತ ಬೇರೆಯಾದ ಬದುಕೊಂದು ತನಗೂ ಸಲ್ಲುತ್ತದೆಂದು ನಂಬುವುದು, ಆ ನಂಬಿಕೆಯನ್ನು ಹೊತ್ತು ತಾಯಿಯ ಕಣ್ಣೆದುರೇ ಊರ ಗಡಿ ದಾಟುವುದು ಹದಿನೈದರ ಹುಡುಗನಿಗೆ ಸಣ್ಣ ಕೆಲಸವಲ್ಲ.

ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಸಾಮಾನ್ಯ ಶಾಲೆಯಾಗಿರಲಿಲ್ಲ. 1917ರಲ್ಲಿ, ಆನಿ ಬೆಸೆಂಟರ ರಾಷ್ಟ್ರೀಯ ಶಿಕ್ಷಣದ ಆದರ್ಶದಿಂದ ಪ್ರೇರಿತರಾದವರು ಅದನ್ನು ಆರಂಭಿಸಿದ್ದರು. ಸರ್ಕಾರಿ ನೌಕರಿಗೆ ಗುಮಾಸ್ತರನ್ನು ತಯಾರಿಸುವುದಕ್ಕಿಂತ ನಾಡಿಗೆ ಪ್ರಜೆಗಳನ್ನು ತಯಾರಿಸುವುದು ಅಲ್ಲಿಯ ಗುರಿಯಾಗಿತ್ತು. ಖಾದಿ, ಸೇವೆ, ಸರಳತೆ ಇವು ಅಲ್ಲಿಯ ಗಾಳಿಯಲ್ಲಿಯೇ ಬೆರೆತಿದ್ದವು. ಆದರೂ ಹಳ್ಳಿಯ ಹುಡುಗನಿಗೆ ಪಟ್ಟಣವು ಪಟ್ಟಣವೇ. ಊರಿನಲ್ಲಿ ಎಲ್ಲರೂ ಹೆಸರು ಹಿಡಿದು ಕರೆಯುವವರು. ಇಲ್ಲಿ ಹೆಸರು ಕೇಳುವವರೂ ವಿರಳ. ಅಲ್ಲಿಯ ನುಡಿಯ ಒತ್ತು, ಉಡುಪಿನ ರೀತಿ, ಊಟದ ರುಚಿ ಎಲ್ಲವೂ ಇಲ್ಲಿ ಬೇರೆ. ಇಂಥ ಸ್ಥಿತಿಯಲ್ಲಿ ಹುಡುಗರು ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾರೆ. ಕೆಲವರು ತಮ್ಮ ಹಳ್ಳಿತನಕ್ಕೆ ನಾಚಿ, ಅದನ್ನು ಮರೆಸಿಕೊಂಡು, ಪಟ್ಟಣದವರ ಅನುಕರಣೆಗೆ ತೊಡಗುತ್ತಾರೆ. ಮತ್ತೆ ಕೆಲವರು ಪಟ್ಟಣಕ್ಕೆ ಹೆದರಿ, ಮುದುಡಿ, ಊರಿಗೆ ಹಿಂದಿರುಗುತ್ತಾರೆ. ನರಸಿಂಹಯ್ಯನವರು ಎರಡನ್ನೂ ಮಾಡಲಿಲ್ಲ. ಹಳ್ಳಿಯ ಸರಳತೆಯನ್ನು ಬಿಡದೆ ಪಟ್ಟಣದ ವಿದ್ಯೆಯನ್ನು ಪಡೆದರು. ಈ ಎರಡರ ಕೂಡಿಕೆಯಲ್ಲಿಯೇ ಅವರ ವ್ಯಕ್ತಿತ್ವವು ರೂಪುಗೊಂಡಿತು.

ಬೆಂಗಳೂರಿಗೆ ಬಂದ ಮರುವರ್ಷವೇ ಅವರ ಬಾಳಿನಲ್ಲಿ ಮರೆಯಲಾಗದ ಒಂದು ದಿನ ಒದಗಿತು. 1936ರ ಬೇಸಗೆಯಲ್ಲಿ ಮಹಾತ್ಮ ಗಾಂಧಿಯವರು ಆರೋಗ್ಯಕ್ಕಾಗಿ ನಂದಿಬೆಟ್ಟದಲ್ಲಿ ವಿಶ್ರಾಂತಿ ಪಡೆದಿದ್ದರು. 1927ರಲ್ಲಿಯೂ ಅವರು ಅದೇ ಬೆಟ್ಟದ ತಂಪಿನಲ್ಲಿ ಕೆಲವು ವಾರಗಳನ್ನು ಕಳೆದಿದ್ದರು. ಆ ವರ್ಷ ಅವರು ಬೆಂಗಳೂರಿಗೆ ಬಂದಾಗ, ಅವರ ಹಿಂದಿಯ ಮಾತುಗಳನ್ನು ಕನ್ನಡಕ್ಕೆ ಅನುವಾದಿಸಿ ಹೇಳುವ ಕೆಲಸ ನ್ಯಾಷನಲ್ ಹೈಸ್ಕೂಲಿನ ವಿದ್ಯಾರ್ಥಿಯಾಗಿದ್ದ ನರಸಿಂಹಯ್ಯನವರ ಪಾಲಿಗೆ ಬಂದಿತು. ಒಂದು ವರ್ಷದ ಹಿಂದೆ ಬರಿಗೈಯಲ್ಲಿ ನಡೆದು ಬಂದ ಹುಡುಗ ಇಂದು ದೇಶದ ಮಹಾನಾಯಕನ ಪಕ್ಕದಲ್ಲಿ ನಿಂತು ಆತನ ಮಾತಿಗೆ ತನ್ನ ನುಡಿಯ ರೂಪ ಕೊಟ್ಟನು. ತಾನು ಯಾರೆಂಬ ಪ್ರಶ್ನೆಗೆ ಆ ದಿನ ಅವರಿಗೆ ಉತ್ತರದ ಮೊದಲ ಅಕ್ಷರ ದೊರೆತಿರಬೇಕು. ಅಂದಿನ ಪ್ರಭಾವ ಅವರನ್ನು ಕೊನೆಯವರೆಗೆ ಬಿಡಲಿಲ್ಲ. ಖಾದಿಯ ಪಂಚೆ, ಜುಬ್ಬ, ತಲೆಯ ಮೇಲೆ ಬಿಳಿಯ ಗಾಂಧಿ ಟೋಪಿ ಇವು ಅವರ ಬಾಳಿನುದ್ದಕ್ಕೂ ಉಳಿದ ವೇಷವಾದವು.

ಅದು ನಾಡೆಲ್ಲ ಎಚ್ಚೆತ್ತ ಕಾಲ. 1938ರ ಏಪ್ರಿಲ್ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ರಾಷ್ಟ್ರಧ್ವಜಕ್ಕಾಗಿ ನೆರೆದಿದ್ದ ಜನರ ಮೇಲೆ ಪೋಲೀಸರು ಗುಂಡು ಹಾರಿಸಿದರು; ಹಲವರು ಪ್ರಾಣ ತೆತ್ತರು. ಕರ್ನಾಟಕದ ಜಲಿಯನ್‌ವಾಲಾಬಾಗ್ ಎಂದು ಆ ಸ್ಥಳ ಹೆಸರಾಯಿತು. ತನ್ನ ತಾಲ್ಲೂಕಿನ ಮಣ್ಣೇ ರಕ್ತದಿಂದ ನೆನೆದ ಮೇಲೆ, ಅಲ್ಲಿಯ ತರುಣರಿಗೆ ಸ್ವಾತಂತ್ರ್ಯವೆಂಬುದು ಪುಸ್ತಕದ ಮಾತಾಗಿ ಉಳಿಯುವುದು ಸಾಧ್ಯವಿರಲಿಲ್ಲ.

1942ರಲ್ಲಿ ಗಾಂಧೀಜಿಯವರು ಬ್ರಿಟಿಷರು ಭಾರತ ಬಿಟ್ಟು ತೊಲಗಬೇಕೆಂದು ಕರೆಕೊಟ್ಟಾಗ ನರಸಿಂಹಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಆನರ್ಸ್ ವಿದ್ಯಾರ್ಥಿ. ಪದವಿ ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ಅದೇ ಪದವಿಗಾಗಿ ಅವರು ಹಳ್ಳಿ ಬಿಟ್ಟಿದ್ದರು, ಹಸಿವು ತಡೆದಿದ್ದರು. ಮನೆಯವರು ಅದನ್ನೇ ಕಾಯುತ್ತಿದ್ದರು. ಅದನ್ನು ಈಗ ಬದಿಗಿಡುವುದೆಂದರೆ ಮನೆಯ ಆಸೆಯನ್ನೇ ಪಣಕ್ಕಿಟ್ಟಂತೆ. ಆದರೂ ಅವರು ಓದನ್ನು ನಿಲ್ಲಿಸಿ ಚಳವಳಿಗೆ ಧುಮುಕಿದರು. ಬೆಂಗಳೂರು, ಮೈಸೂರು, ಪುಣೆಯ ಯರವಾಡ, ಈ ಸೆರೆಮನೆಗಳಲ್ಲಿ ತಿಂಗಳುಗಟ್ಟಲೆ ಇದ್ದು ಬಂದರು. ಬಿಡುಗಡೆಯಾದ ಮೇಲೆ ನಿಂತಲ್ಲಿಂದಲೇ ಓದನ್ನು ಮತ್ತೆ ಹಿಡಿದು ಆನರ್ಸ್ ಮುಗಿಸಿದರು, ಎಂ.ಎಸ್‌ಸಿ. ಪದವಿಯನ್ನೂ ಪಡೆದರು. ಪದವಿ ತಡವಾಯಿತೇ ವಿನಾ ಕೈತಪ್ಪಲಿಲ್ಲ. ಆದರೆ ಸೆರೆಮನೆಗೆ ಹೋಗುವ ದಿನ ಈ ಮಾತು ಅವರಿಗೆ ತಿಳಿದಿರಲಿಲ್ಲವೆಂಬುದನ್ನು ನಾವು ಮರೆಯಬಾರದು.

1946ರಲ್ಲಿ ನರಸಿಂಹಯ್ಯನವರು ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದರು. ಕಾಲೇಜು ಆಗತಾನೆ ಹುಟ್ಟಿದ್ದಿತು. ಹೆಚ್ಚಿನ ಸಂಬಳದ ಹುದ್ದೆಗಳು ಬೇರೆಡೆ ದೊರೆಯಬಹುದಾಗಿತ್ತು. ಆದರೆ ತನಗೆ ಅನ್ನ, ಅಕ್ಷರಗಳನ್ನು ಕೊಟ್ಟ ಸಂಸ್ಥೆಯನ್ನು ಅವರು ಬಿಡಲಿಲ್ಲ. ಹಳ್ಳಿಯ ಶಾಲೆಯ ಉಪಾಧ್ಯಾಯರ ಮಗ ತಾನೂ ಉಪಾಧ್ಯಾಯನೇ ಆದನು. ಊರು ಬಿಟ್ಟು, ಪಟ್ಟಣ ಕಂಡು, ಸೆರೆಮನೆ ಹೊಕ್ಕು ಬಂದ ಮೇಲೆ ಅವರು ಕಂಡುಕೊಂಡ ತಮ್ಮತನ ತಂದೆಯ ವೃತ್ತಿಯಲ್ಲಿಯೇ ಇತ್ತು. ಅಷ್ಟು ದೂರ ಹೋಗಿ ಬಂದಿದ್ದರಿಂದಲೇ ಆ ವೃತ್ತಿಯನ್ನು ಅವರು ಒಲಿದು ಆರಿಸಿಕೊಂಡರು, ಅನಿವಾರ್ಯವಾಗಿ ಹೊರಲಿಲ್ಲ.

ಅವರು ಮದುವೆಯಾಗಲಿಲ್ಲ, ಮನೆ ಕಟ್ಟಲಿಲ್ಲ. ವಿದ್ಯಾರ್ಥಿನಿಲಯದ ಚಿಕ್ಕ ಕೊಠಡಿಯೊಂದೇ ಅವರ ಮನೆ. ಒಂದು ಹಾಸಿಗೆ, ಕೆಲವು ಬಟ್ಟೆ, ಒಂದಷ್ಟು ಪುಸ್ತಕ ಇಷ್ಟೇ ಅವರ ಸಂಸಾರ. ವಿದ್ಯಾರ್ಥಿಗಳ ನಡುವೆ ಊಟ, ವಿದ್ಯಾರ್ಥಿಗಳ ನಡುವೆ ವಾಸ. ಅರ್ಧ ಶತಮಾನಕ್ಕೂ ಮಿಕ್ಕ ಕಾಲ ಅವರು ಹೀಗೆಯೇ ಬಾಳಿದರು. ಹಳ್ಳಿಯಿಂದ ಹೊಸದಾಗಿ ಬಂದು, ದಿಕ್ಕುಗಾಣದೆ, ನಿಲಯದ ಮೂಲೆಯಲ್ಲಿ ಮುದುಡಿ ಕುಳಿತ ಹುಡುಗನ ಮನಸ್ಸು ಅವರಿಗೆ ಅರ್ಥವಾಗುವಂತೆ ಇನ್ನಾರಿಗೂ ಅರ್ಥವಾಗುವಂತಿರಲಿಲ್ಲ. ತಾವೂ ಒಮ್ಮೆ ಹಾಗೆಯೇ ಬಂದವರಲ್ಲವೇ?

ಮುಂದೆ ಅವರು ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾನಿಲಯಕ್ಕೆ ಹೋಗಿ, ಪರಮಾಣು ಭೌತಶಾಸ್ತ್ರದಲ್ಲಿ ಸಂಶೋಧನೆ ನಡೆಸಿ, 1960ರಲ್ಲಿ ಡಾಕ್ಟರೇಟ್ ಪದವಿ ಪಡೆದರು. ಆಗ ಅವರಿಗೆ ನಲವತ್ತು ವರ್ಷ. ಅಂದು ಅಮೆರಿಕದಲ್ಲಿ ವಿಜ್ಞಾನಿಗಳಿಗೆ ಅವಕಾಶಗಳು ಹೇರಳವಾಗಿದ್ದವು. ನರಸಿಂಹಯ್ಯನವರು ಅದೇ ಕಾಲೇಜಿಗೆ, ಅದೇ ಕೊಠಡಿಗೆ ಹಿಂದಿರುಗಿದರು. 1961ರಲ್ಲಿ ಪ್ರಾಂಶುಪಾಲರಾಗಿ 1972ರವರೆಗೆ ಆ ಹೊಣೆಯನ್ನು ನಿರ್ವಹಿಸಿದರು.

ವಿಜ್ಞಾನವು ಪ್ರಯೋಗಶಾಲೆಯ ನಾಲ್ಕು ಗೋಡೆಗಳೊಳಗೆ ಉಳಿಯಬಾರದೆಂಬುದು ಅವರ ನಿಲುವು. 1962ರಲ್ಲಿ ಅವರು ಬೆಂಗಳೂರು ಸೈನ್ಸ್ ಫೋರಂ ಎಂಬ ಸಂಸ್ಥೆಯನ್ನು ಹುಟ್ಟುಹಾಕಿದರು. ವಾರವಾರವೂ ತಜ್ಞರೊಬ್ಬರು ನ್ಯಾಷನಲ್ ಕಾಲೇಜಿಗೆ ಬಂದು ಸಾಮಾನ್ಯರಿಗೆ ತಿಳಿಯುವಂತೆ ವಿಜ್ಞಾನದ ವಿಷಯವೊಂದನ್ನು ಕುರಿತು ಉಪನ್ಯಾಸ ಕೊಡುವ ಪರಿಪಾಠ ಬೆಳೆಯಿತು. ಪ್ರವೇಶಕ್ಕೆ ಹಣವಿಲ್ಲ, ಪದವಿಯ ಅಗತ್ಯವಿಲ್ಲ. ಕೇಳುವ ಕುತೂಹಲವೊಂದಿದ್ದರೆ ಸಾಕು. ವಿಜ್ಞಾನದಷ್ಟೇ ಪ್ರೀತಿ ಅವರಿಗೆ ಸಂಗೀತ, ನಾಟಕಗಳ ಮೇಲೂ ಇತ್ತು. ಬುದ್ಧಿ ಬೆಳೆದು ಹೃದಯ ಒಣಗಿದರೆ ಆ ವಿದ್ಯೆ ಅರ್ಧವಾದ ವಿದ್ಯೆ ಎಂದು ಅವರು ಬಗೆದಿದ್ದರು.

1972ರಿಂದ 1977ರವರೆಗೆ ಅವರು ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದರು. ಆಗಲೂ ಅವರ ಬಾಳಿನ ಕ್ರಮ ಬದಲಾಗಲಿಲ್ಲ. ಆ ಉನ್ನತ ಪದವಿಯಲ್ಲಿದ್ದಾಗಲೇ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ವೈಜ್ಞಾನಿಕವಾಗಿ ಪರೀಕ್ಷಿಸುವ ಸಮಿತಿಯೊಂದನ್ನು ರಚಿಸಿ ಅದರ ಮುಂದಾಳಾದರು. ನಾಡಿನಲ್ಲಿ ದೊಡ್ಡ ಚರ್ಚೆಯೇ ಎದ್ದಿತು. ಮೆಚ್ಚಿದವರು ಎಷ್ಟೋ, ಮುನಿದವರೂ ಅಷ್ಟೇ. ಎಷ್ಟೇ ದೊಡ್ಡವರು ಹೇಳಿದ ಮಾತಾದರೂ ಪರೀಕ್ಷಿಸದೆ ಒಪ್ಪಬಾರದು, ಪ್ರಶ್ನೆ ಕೇಳುವುದು ಅವಿನಯವಲ್ಲ ಎಂಬ ತಮ್ಮ ನಿಲುವನ್ನು ಅವರು ಬಿಟ್ಟುಕೊಡಲಿಲ್ಲ. ಹದಿಹರೆಯದಲ್ಲಿ ತನ್ನನ್ನು ತಾನೇ ಪ್ರಶ್ನಿಸಿಕೊಂಡವನು ಮುಂದೆ ಜಗತ್ತನ್ನು ಪ್ರಶ್ನಿಸಲು ಹಿಂಜರಿಯನು.

ಪಟ್ಟಣದಲ್ಲಿ ಬೆಳೆದರೂ ಅವರು ತಮ್ಮ ಸೀಮೆಯನ್ನು ಮರೆಯಲಿಲ್ಲ. ಓದಿಗಾಗಿ ಐವತ್ತು ಮೈಲಿ ನಡೆದವರಿಗೆ ಮಾತ್ರ ಆ ದೂರದ ನಿಜವಾದ ಅಳತೆ ಗೊತ್ತು. ತಾವು ಅಧ್ಯಕ್ಷರಾಗಿ ದುಡಿದ ನ್ಯಾಷನಲ್ ಶಿಕ್ಷಣ ಸಂಸ್ಥೆಯ ಮೂಲಕ ಗೌರಿಬಿದನೂರು, ಬಾಗೇಪಲ್ಲಿಗಳಂಥ ಊರುಗಳಲ್ಲಿ ಕಾಲೇಜುಗಳು ನೆಲೆಗೊಳ್ಳಲು ಶ್ರಮಿಸಿದರು. ಬೆಂಗಳೂರಿನ ಅನುಕೂಲಸ್ಥರ ಮಕ್ಕಳಿಗೆ ಕಾಲೇಜು ಒಂದು ಹೆಚ್ಚಾದರೆ ದೊಡ್ಡ ವ್ಯತ್ಯಾಸವಿಲ್ಲ. ಬರಸೀಮೆಯ ತಾಲ್ಲೂಕು ಕೇಂದ್ರದಲ್ಲಿ ಕಾಲೇಜು ತೆರೆದರೆ ನೂರಾರು ಹಳ್ಳಿಗಳ ಹಣೆಬರಹ ಬದಲಾಗುತ್ತದೆ. ಅದರಲ್ಲಿಯೂ ಹೆಣ್ಣುಮಕ್ಕಳಿಗೆ ಹತ್ತಿರದ ಕಾಲೇಜು ಎಂದರೆ ಓದು, ದೂರದ ಕಾಲೇಜು ಎಂದರೆ ಓದಿನ ಮುಕ್ತಾಯ. ತಾನು ನಡೆದ ದಾರಿಯನ್ನು ಇತರರೂ ನಡೆದೇ ಸವೆಸಲೆಂದು ಬಯಸುವವನು ಸಾಮಾನ್ಯ ಮನುಷ್ಯ. ಆ ದಾರಿಯನ್ನೇ ಮೊಟಕುಗೊಳಿಸಲು ದುಡಿಯುವವನು ಹಿರಿಯ.

ಭಾರತ ಸರ್ಕಾರ ಅವರಿಗೆ ಪದ್ಮಭೂಷಣ ಪ್ರಶಸ್ತಿ ನೀಡಿ ಗೌರವಿಸಿತು. ಅವರು ತಮ್ಮ ಬಾಳಿನ ಕಥೆಯನ್ನು ‘ಹೋರಾಟದ ಹಾದಿ’ ಎಂಬ ಆತ್ಮಕಥೆಯಲ್ಲಿ ಬರೆದಿಟ್ಟಿದ್ದಾರೆ. 2005ರ ಜನವರಿ 31ರಂದು, ತಮ್ಮ 84ನೆಯ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ಅವರು ಕೊನೆಯುಸಿರೆಳೆದರು. ಬಿಟ್ಟುಹೋದ ಆಸ್ತಿ ಬಹು ಕಡಿಮೆ. ಬಿಟ್ಟುಹೋದ ಶಿಷ್ಯರು ಸಾವಿರಾರು ಮಂದಿ.

ಕಾದಂಬರಿಯ ರಾಮನು ಅಲೆದಾಟ ಮುಗಿಸಿ ಮಣ್ಣಿಗೆ ಮರಳಿದನು. ಹೊಸೂರಿನ ಹುಡುಗ ಮರಳಿದ್ದು ಬೇರೆ ಬಗೆಯಲ್ಲಿ: ತನ್ನ ಮಣ್ಣಿನ ಮಕ್ಕಳ ಬಳಿಗೆ ಶಾಲೆಯನ್ನೂ ಕಾಲೇಜನ್ನೂ ಕರೆತಂದು. ಇಂದು ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರುಗಳ ಹಳ್ಳಿಗಳಲ್ಲಿ ರೇಷ್ಮೆಹುಳುವಿಗೆ ಸೊಪ್ಪು ಹಾಕಿ, ಹಸುವಿನ ಹಾಲು ಕರೆದು, ಬಳಿಕ ಚೀಲ ಹೆಗಲಿಗೇರಿಸಿ ಶಾಲೆಗೆ ಹೋಗುವ ಬಾಲಕ ಬಾಲಕಿಯರು ಎಷ್ಟೋ ಮಂದಿ. ಮನೆಯಲ್ಲಿದ್ದೂ ಮನೆಯವರಲ್ಲದಂತೆ, ಊರಿನಲ್ಲಿದ್ದೂ ಊರಿನವರಲ್ಲದಂತೆ ತೋರುವ ದಿನಗಳು ಅವರಿಗೂ ಬರುತ್ತವೆ. ಆ ಒಂಟಿತನವು ರೋಗವಲ್ಲ. ಒಳಗೊಂದು ಬೀಜ ಒಡೆಯುತ್ತಿರುವುದರ ಸೂಚನೆ. ಮೊಳಕೆಯು ಮಣ್ಣಿನಿಂದ ಮೇಲಕ್ಕೆ ಬರಬೇಕಾದರೆ ಮಣ್ಣನ್ನು ಸೀಳಲೇಬೇಕು. ಆದರೆ ಮರವಾದ ಮೇಲೂ ಅದರ ಬೇರು ಅದೇ ಮಣ್ಣಿನಲ್ಲಿರುತ್ತದೆ. ನರಸಿಂಹಯ್ಯನವರ ಬಾಳು ಅಂಥ ಒಂದು ಮರ. ಅದರ ನೆರಳು ಇಂದಿಗೂ ಅವರ ಸೀಮೆಯ ಮೇಲಿದೆ.